ಯಜಮಾನಿಕೆ ಮತ್ತು ಪ್ರಣಯ: ನಂಜನಗೂಡು ಸೀಮೆಯ ಇಬ್ಬರು ಲೇಖಕಿಯರು ಮತ್ತು ಅನಂತರದ ಕಾದಂಬರಿ

ಮೈಸೂರು ಸೀಮೆಯ ಕನ್ನಡದಲ್ಲಿ ‘ಯಜಮಾನ’ ಎಂಬ ಪದ ಎರಡು ಸಂಬಂಧಗಳನ್ನು ಏಕಕಾಲಕ್ಕೆ ಹೊತ್ತಿದೆ. ಗೃಹಿಣಿಯು ತನ್ನ ಗಂಡನ ವಿಚಾರವಾಗಿ ಮಾತನಾಡುವಾಗ ‘ನಮ್ಮ ಯಜಮಾನರು’ ಎನ್ನುತ್ತಾಳೆ. ಅಂಗಡಿಯ ಗುಮಾಸ್ತೆಯೂ ಮನೆಗೆಲಸದವಳೂ ತಮಗೆ ಸಂಬಳ ಕೊಡುವವನನ್ನು ಅದೇ ಪದದಿಂದ ನಿರ್ದೇಶಿಸುತ್ತಾರೆ. ಅನ್ನ ಹಾಕುವ ಕೈ, ಆಜ್ಞೆ ಮಾಡುವ ಬಾಯಿ, ತಾಳಿ ಕಟ್ಟುವ ಹಕ್ಕು ಇವು ಮೂರೂ ಒಂದೇ ಪದದಲ್ಲಿ ಸೇರಿಹೋಗಿವೆ. 1960ರ ದಶಕದಿಂದ ಈಚೆಗೆ ಕನ್ನಡದ ಜನಪ್ರಿಯ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಒಂದು ಕಥಾವಸ್ತು, ಎಂದರೆ ಉದ್ಯೋಗಕ್ಕೆ ಹೋದ ಸ್ವಾಭಿಮಾನಿ ಹೆಣ್ಣೊಬ್ಬಳು ತನ್ನ ಮೇಲಧಿಕಾರಿಯನ್ನು ಮೊದಲು ಎದುರಿಸಿ ಅನಂತರ ಪ್ರೀತಿಸುವ ಕಥೆ, ಈ ಪದದ ಎರಡನೆಯ ಅರ್ಥವನ್ನು ಮೊದಲನೆಯದಾಗಿ ಪರಿವರ್ತಿಸುವ ಪ್ರಯತ್ನವೇ ಆಗಿದೆ.

ಈ ಬಗೆಯ ಕಾದಂಬರಿಗಳನ್ನು ಸಾಹಿತ್ಯ ಚರಿತ್ರೆಕಾರರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಇಂಗ್ಲಿಷಿನ ಅಗ್ಗದ ಪ್ರಣಯ ಕಾದಂಬರಿಗಳ ಅನುಕರಣೆ ಎಂಬುದು ಆ ವಾಕ್ಯದ ಸಾರ. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಪುಸ್ತಕಗಳು ನಮ್ಮ ನಗರಗಳ ಬಾಡಿಗೆ ಗ್ರಂಥಾಲಯಗಳಲ್ಲಿ ಯಥೇಚ್ಛವಾಗಿ ದೊರೆಯುತ್ತಿದ್ದುದು ನಿಜ. ಆದರೆ ಪ್ರಣಯವನ್ನು ಹೆಣ್ಣು ಬರೆಯಬಹುದೇ, ಬರೆದರೆ ಎಷ್ಟು ಬರೆಯಬಹುದು, ಪ್ರಭುವಿನ ಮುಂದೆ ಅವಳ ನಿಲುವು ಏನು ಎಂಬ ಪ್ರಶ್ನೆಗಳು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಒಂದು ಬಗೆಯಲ್ಲಿ ತೀರ್ಮಾನವಾದವು. ಆ ತೀರ್ಮಾನದ ಕಥೆ ಕಪಿಲಾ ನದಿಯ ದಡದ ಒಂದೇ ಊರಿಗೆ ಸೇರಿದ್ದೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಈ ಸೀಮೆಗೆ ಇದಕ್ಕೂ ಹಿಂದಿನ ಒಂದು ಉದಾಹರಣೆಯಿದೆ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ನೆರೆಯ ಯಳಂದೂರಿನವಳು. ‘ಹದಿಬದೆಯ ಧರ್ಮ’ವನ್ನು ಬರೆದ ಈಕೆ ವೃತ್ತಿಯಿಂದ ಉದ್ಯೋಗಸ್ಥೆ, ಕಾವ್ಯದ ವಸ್ತು ಮಾತ್ರ ಪತಿವ್ರತೆಯ ನಡವಳಿಕೆ. ಹೆಣ್ಣೆಂದು ಹೀಗಳೆಯುವವರನ್ನು ಆಕೆ ನೇರವಾಗಿ ಪ್ರಶ್ನಿಸುತ್ತಾಳಾದರೂ ಊಳಿಗದ ತನ್ನ ದಿನಗಳ ವಿಚಾರವಾಗಿ ಹೆಚ್ಚೇನನ್ನೂ ಹೇಳುವುದಿಲ್ಲ. ದುಡಿಯುವ ಹೆಣ್ಣು ಗೃಹಿಣಿಯ ಧರ್ಮವನ್ನು ಬರೆಯುವ ಈ ವಿಚಿತ್ರ ಸನ್ನಿವೇಶ ಮುಂದೆಯೂ ಬೇರೆ ರೂಪದಲ್ಲಿ ಎದುರಾಗುತ್ತದೆ.

1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದ ಪುಟ್ಟಲಕ್ಷ್ಮಿಯವರಿಗೆ ಒಬ್ಬ ಮಗಳು ಹುಟ್ಟಿದಳು. ತಂದೆ ವಕೀಲ ಸುಬ್ಬರಾವ್ ತಾಯಿಮಗಳಿಬ್ಬರನ್ನೂ ಕೈಬಿಟ್ಟರು. ಮೈಸೂರಿನಲ್ಲಿ ಸಂಸ್ಕೃತ ಪಾಠ, ಬೆಂಗಳೂರಿನಲ್ಲಿ ಸಂಗೀತಾಭ್ಯಾಸ ನಡೆದು ಈ ಬಾಲಕಿ ಮುಂದೆ ಬೆಂಗಳೂರು ನಾಗರತ್ನಮ್ಮನವರೆಂದು ಪ್ರಖ್ಯಾತರಾದರು. ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರು ಅವರ ಆಶ್ರಯದಾತರಾಗಿದ್ದರು. ಆಶ್ರಯದಾತ ಎಂಬ ಪದವನ್ನು ಇಲ್ಲಿ ಅದರ ಪೂರ್ಣಾರ್ಥದಲ್ಲಿ ಗ್ರಹಿಸಬೇಕು: ಕಲೆಗೆ ಪೋಷಣೆ, ಬದುಕಿಗೆ ಆಸರೆ, ಪ್ರಣಯ ಮೂರೂ ಅದರಲ್ಲಿ ಸೇರಿದ್ದವು. ಹೆಂಡತಿಗೆ ದೊರೆಯುವ ಹಕ್ಕು ಅದರಲ್ಲಿರಲಿಲ್ಲ. ಆದರೆ ಅಂದಿನ ಗೃಹಿಣಿಗೆ ದೊರೆಯದಿದ್ದ ವಿದ್ಯೆ, ಸಂಪಾದನೆ ಮತ್ತು ಸಂಚಾರದ ಸ್ವಾತಂತ್ರ್ಯ ಅದರಲ್ಲಿತ್ತು. ಮದರಾಸಿಗೆ ಹೋಗಿ ನೆಲೆಸಿದ ನಾಗರತ್ನಮ್ಮನವರು ತಮ್ಮ ಗಾಯನದಿಂದಲೇ ಮನೆ ಮಾಡಿ, ಕಲಾವಿದೆಯರಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲಿಗರೆಂದು ಹೇಳಿಸಿಕೊಳ್ಳುವಷ್ಟು ಸಂಪಾದಿಸಿದರು.

ಅವರು 1910ರಲ್ಲಿ ತೆಲುಗಿನ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಪರಿಷ್ಕರಿಸಿ, ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಸಂಸ್ಥೆಯ ಮೂಲಕ ಪ್ರಕಟಿಸಿದ್ದು ಪ್ರಸ್ತುತ ವಿಷಯಕ್ಕೆ ಅತ್ಯಂತ ಮುಖ್ಯವಾದ ಘಟನೆ. ತಂಜಾವೂರಿನ ಮರಾಠ ಅರಸ ಪ್ರತಾಪಸಿಂಹನ (1739–1763) ಆಸ್ಥಾನದಲ್ಲಿದ್ದ ಮುದ್ದುಪಳನಿ ಈ ಕಾವ್ಯದ ಕರ್ತೃ. ರಾಧೆಯು ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡುತ್ತಾಳೆ. ಅನಂತರ ವಿರಹದಿಂದಲೂ ಅಸೂಯೆಯಿಂದಲೂ ಬೇಯುತ್ತಾಳೆ. ಕೊನೆಗೆ ಕೃಷ್ಣನೇ ಬಂದು ಅವಳನ್ನು ಸಂತೈಸಬೇಕಾಗುತ್ತದೆ. ಅರಸನ ಆಸ್ಥಾನವನ್ನು ಆಶ್ರಯಿಸಿ ಬದುಕುತ್ತಿದ್ದ ಹೆಣ್ಣೊಬ್ಬಳು ಒಡೆಯನೇ ಹೆಣ್ಣಿನ ಕಾಲು ಹಿಡಿಯುವ ಕಾವ್ಯವನ್ನು ಬರೆದಳೆಂಬುದು, ಮತ್ತು ಅದರಲ್ಲಿ ಹೆಣ್ಣಿನ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳೆಂಬುದು ಇಂದಿನ ಓದುಗನಿಗೂ ಅಚ್ಚರಿಯ ಸಂಗತಿಯೇ. ಹಿಂದಿನ ಮುದ್ರಣದಲ್ಲಿ ಬಿಟ್ಟುಹೋಗಿದ್ದ ಪೀಠಿಕಾ ಪದ್ಯಗಳನ್ನೂ ಶೃಂಗಾರ ಪದ್ಯಗಳನ್ನೂ ನಾಗರತ್ನಮ್ಮನವರು ಹಸ್ತಪ್ರತಿಯಿಂದ ಮರಳಿ ಸೇರಿಸಿದರು.

ಸುಧಾರಕ ಕಂದುಕೂರಿ ವೀರೇಶಲಿಂಗಂ ಈ ಕಾವ್ಯವನ್ನೂ ಕವಯಿತ್ರಿಯನ್ನೂ ಅದಾಗಲೇ ಖಂಡಿಸಿದ್ದರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಸಹಜವೇ, ಗಂಡಸರು ಬರೆದ ಶೃಂಗಾರಕ್ಕೆ ಬೇರೆ ಅಳತೆಯೇ ಎಂಬ ಅರ್ಥದ ಪ್ರಶ್ನೆಯಿಂದ ನಾಗರತ್ನಮ್ಮನವರು ಅದಕ್ಕೆ ಉತ್ತರ ಕೊಟ್ಟರು. ಉತ್ತರ ಫಲಿಸಲಿಲ್ಲ. 1911ರಲ್ಲಿ ಮದರಾಸಿನ ಪೊಲೀಸ್ ಕಮಿಷನರರ ಆಜ್ಞೆಯಂತೆ ಪ್ರತಿಗಳ ಜಪ್ತಿ ನಡೆದು ಪುಸ್ತಕ ಅಶ್ಲೀಲವೆಂದು ನಿಷೇಧಕ್ಕೊಳಗಾಯಿತು. ಪಂಡಿತರ ಮನವಿಗಳೂ ವ್ಯರ್ಥವಾದವು.

ಇದೇ ಹೊತ್ತಿಗೆ ಅವರ ಹುಟ್ಟೂರಿನಲ್ಲಿಯೂ ಒಂದು ಬಾಗಿಲು ಮುಚ್ಚಿತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ತಮ್ಮ ವೃತ್ತಿಯ ಪರವಾಗಿ ಸಲ್ಲಿಸಿದ ಅಹವಾಲು ತಿರಸ್ಕೃತವಾಯಿತು. ಈ ಪದ್ಧತಿಯಲ್ಲಿದ್ದ ಶೋಷಣೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸುಧಾರಣೆಯು ಆ ಹೆಂಗಸರ ಜೀವನೋಪಾಯಕ್ಕೆ ಬದಲಿಯಾಗಿ ಏನನ್ನು ಕೊಟ್ಟಿತು ಎಂಬ ಪ್ರಶ್ನೆಗೆ ಸುಧಾರಕರ ಬರವಣಿಗೆಗಳಲ್ಲಿ ತೃಪ್ತಿಕರವಾದ ಉತ್ತರ ಸಿಗುವುದಿಲ್ಲ.

ಅದೇ ಊರಿನ ಅಗ್ರಹಾರದ ಸಂಸ್ಕೃತಿಯಲ್ಲಿ, ನಾಗರತ್ನಮ್ಮನವರಿಗಿಂತ ಒಂಬತ್ತು ವರ್ಷ ತಡವಾಗಿ, 1887ರಲ್ಲಿ ತಿರುಮಲಾಂಬ ಹುಟ್ಟಿದರು. ಅವರ ತಂದೆ ವೆಂಕಟಕೃಷ್ಣ ಅಯ್ಯಂಗಾರ್ ಅವರೂ ವಕೀಲರು. ಆದರೆ ಈ ವಕೀಲರು ಮಗಳನ್ನು ಕೈಬಿಡಲಿಲ್ಲ. ಬಾಲ್ಯದಲ್ಲಿಯೇ ಮದುವೆ, ಹದಿನಾಲ್ಕರ ಹೊತ್ತಿಗೆ ವೈಧವ್ಯ. ತವರಿಗೆ ಮರಳಿದ ಮಗಳಿಗೆ ತಂದೆ ಓದುಬರಹದ ಅನುಕೂಲ ಕಲ್ಪಿಸಿದರು. 1913ರಲ್ಲಿ ‘ಸುಶೀಲೆ’ ಕಾದಂಬರಿ ಪ್ರಕಟವಾಯಿತು. ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಸ್ವತಃ ಸ್ಥಾಪಿಸಿ, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಸಂಪಾದಿಸಿ ನಡೆಸಿದ ತಿರುಮಲಾಂಬ ಅವರು ಆಧುನಿಕ ಕನ್ನಡದ ಮೊದಲ ಲೇಖಕಿ, ಪ್ರಕಾಶಕಿ ಮತ್ತು ಸಂಪಾದಕಿಯೆಂದು ಮಾನ್ಯರಾಗಿದ್ದಾರೆ. ಮುದ್ರಣ, ಚಂದಾ, ಅಂಚೆ, ಲೆಕ್ಕಪತ್ರ ಎಲ್ಲಕ್ಕೂ ಅವರೇ ಯಜಮಾನಿ.

ಅವರ ಕಾದಂಬರಿಗಳ ನಾಯಕಿಯರು ಹಾಗಲ್ಲ. ಗ್ರಂಥಮಾಲೆಯ ಹೆಸರೇ ಹೇಳುವಂತೆ ಸತಿಯ ಹಿತವೇ ಅಲ್ಲಿನ ಗುರಿ. ಸಹನೆ, ಶೀಲ, ಭಕ್ತಿಗಳು ಹೆಣ್ಣಿನ ಶಕ್ತಿ. ಗಂಡಿನ ದೌರ್ಬಲ್ಯವನ್ನು ಅವರು ಕಾಣದೆ ಇರಲಿಲ್ಲ. ಆದರೆ ಅದರ ಪರಿಹಾರ ದಾಂಪತ್ಯದ ಚೌಕಟ್ಟಿನೊಳಗೇ ಆಗಬೇಕಾಗಿತ್ತು. ಈ ವಿಷಯದಲ್ಲಿ ತಿರುಮಲಾಂಬ ಅವರನ್ನು ಸಂಪ್ರದಾಯಸ್ಥೆಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಬಾಲವಿಧವೆಯೊಬ್ಬಳು ಪ್ರೇಮದ ವಿಚಾರವಾಗಿ ಬರೆದು, ಅದನ್ನು ತನ್ನ ಹೆಸರಿನಲ್ಲಿಯೇ ಮಾರುಕಟ್ಟೆಗೆ ತರಬೇಕಾದರೆ ಬೇಕಾಗಿದ್ದ ರಕ್ಷಾಕವಚ ಅದು. ಎರಡು ವರ್ಷ ಹಿಂದೆಯಷ್ಟೇ ಅದೇ ಊರಿನವರಾದ ಮತ್ತೊಬ್ಬ ಹೆಂಗಸಿನ ಪುಸ್ತಕಕ್ಕೆ ಆದ ಗತಿಯನ್ನು ಗಮನಿಸಿದರೆ ಆ ಕವಚದ ಅಗತ್ಯ ಅರ್ಥವಾಗುತ್ತದೆ.

ಕನ್ನಡದ ಪ್ರಣಯ ಕಾದಂಬರಿಗೆ ಬಂದ ಆಸ್ತಿ ತಿರುಮಲಾಂಬ ಅವರದು, ನಾಗರತ್ನಮ್ಮನವರದು ಬರಲಿಲ್ಲ. ಭಾಷೆ ತೆಲುಗೆಂಬುದು ಇದಕ್ಕೆ ಒಂದು ಕಾರಣವಷ್ಟೇ. ಆಶ್ರಯದಾತನೊಡನೆ ಮದುವೆಯಿಲ್ಲದ ಸಂಬಂಧದಲ್ಲಿದ್ದೂ ಹೆಣ್ಣು ವಿದ್ಯಾವಂತೆಯಾಗಿ, ಹಣವಂತೆಯಾಗಿ, ಮಾತುಳ್ಳವಳಾಗಿ ಬಾಳಿದ ಬದುಕು ಕನ್ನಡ ಕಾದಂಬರಿಗೆ ವಸ್ತುವಾಗಿ ಒದಗಲಿಲ್ಲ. ಒದಗಿದಾಗ ಅದು ಕರುಣೆಯ ಕಥೆಯಾಯಿತು. ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, 1969ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವಾಗಿ ಮನೆಮಾತಾದದ್ದು, ಇದಕ್ಕೆ ಸಾಕ್ಷಿ. ಅಲ್ಲಿನ ಚಂದ್ರಾ ಬಯಸುವುದು ಸಂಸಾರವನ್ನು. ಅದು ದೊರೆಯದೆ ಸಾಯುತ್ತಾಳೆ. ಓದುಗರ ಕಣ್ಣೀರು ಪ್ರಾಮಾಣಿಕವಾದುದೇ. ಆದರೂ ನಂಜನಗೂಡಿನ ದೇವದಾಸಿಯರು 1909ರಲ್ಲಿ ಕೇಳಿದ್ದು ಸಂಸಾರವನ್ನಲ್ಲ, ತಮ್ಮ ವೃತ್ತಿಯನ್ನು.

ಕಚೇರಿಯ ಮೇಲಧಿಕಾರಿ ಕಥೆಯೊಳಗೆ ಬರಲು ಹೆಣ್ಣು ಮೊದಲು ಕಚೇರಿಯೊಳಗೆ ಬರಬೇಕಾಗಿತ್ತು. ಸ್ವಾತಂತ್ರ್ಯಾನಂತರ ಮಹಿಳಾ ಶಿಕ್ಷಣ ಹರಡಿ, ಶಿಕ್ಷಕಿ, ಟೈಪಿಸ್ಟ್, ದಾದಿ, ವೈದ್ಯೆ, ಬ್ಯಾಂಕ್ ಗುಮಾಸ್ತೆಯರ ವರ್ಗವೊಂದು ಮೈಸೂರು, ಬೆಂಗಳೂರುಗಳಲ್ಲಿ ರೂಪುಗೊಂಡಿತು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ವಾರಪತ್ರಿಕೆಗಳು ಆರಂಭವಾಗಿ ಧಾರಾವಾಹಿಗಳಿಗೆ ವಿಪುಲ ಅವಕಾಶ ದೊರೆಯಿತು. ಉಷಾ ನವರತ್ನರಾಂ, ಸಾಯಿಸುತೆ, ಎಚ್. ಜಿ. ರಾಧಾದೇವಿ ಮೊದಲಾದವರ ಓದುಗ ವರ್ಗ ಬೆಳೆದದ್ದು ಈ ಅವಧಿಯಲ್ಲಿ. ಸಾಯಿಸುತೆಯವರೊಬ್ಬರ ಕಾದಂಬರಿಗಳೇ ನೂರನ್ನು ಮೀರಿದವು.

ಮೇಲಧಿಕಾರಿಯ ಪ್ರಣಯಕಥೆಯ ಸಾಮಾನ್ಯ ಹಂದರ ಓದುಗರಿಗೆ ಪರಿಚಿತ. ನಿವೃತ್ತ ತಂದೆ, ಓದುವ ತಮ್ಮಂದಿರು, ಮದುವೆಗೆ ಬಂದ ತಂಗಿ ಇರುವ ಮನೆಯಿಂದ ನಾಯಕಿ ಕೆಲಸಕ್ಕೆ ಹೊರಡುತ್ತಾಳೆ. ಸಿಡುಕಿನ ಸ್ವಭಾವದ ತರುಣ ಮಾಲೀಕ ಅವಳ ತಪ್ಪು ಹುಡುಕುತ್ತಾನೆ. ಅವಳು ತಿರುಗಿ ಉತ್ತರ ಕೊಡುತ್ತಾಳೆ, ರಾಜೀನಾಮೆ ಬರೆಯುತ್ತಾಳೆ. ಅನಾರೋಗ್ಯವೋ ಅಪಘಾತವೋ ಅವರನ್ನು ಹತ್ತಿರ ತರುತ್ತದೆ. ಮಾಲೀಕನ ಕಾರು ಅವಳ ಗಲ್ಲಿಗೆ ಬಂದು ನಿಲ್ಲುವುದು, ತಾಯಿ ಗಾಬರಿಯಿಂದ ಕಾಫಿಗೆ ನೀರಿಡುವುದು ಇಂಥ ಕೃತಿಗಳ ಅತ್ಯಂತ ಜೀವಂತ ಪುಟಗಳು. ಇಡೀ ಕಾದಂಬರಿಯಲ್ಲಿ ಈ ಮಾಲೀಕ ಕಡತವೊಂದನ್ನು ಪೂರ್ತಿ ಓದಿದ ಪ್ರಸಂಗ ಅಪರೂಪ. ಸ್ಪರ್ಶ, ಉಸಿರು, ನಡುಕಗಳ ವರ್ಣನೆಗೆ ಲೇಖಕಿಯರು ಹಿಂಜರಿದಿಲ್ಲವಾದರೂ ಅದರ ಮಿತಿಯನ್ನು ಮಂಗಳಸೂತ್ರವೇ ನಿರ್ಧರಿಸುತ್ತದೆ. ಮದುವೆಯೊಡನೆ ಉದ್ಯೋಗದ ಪ್ರಸ್ತಾಪವೂ ಬಹುಮಟ್ಟಿಗೆ ಮುಗಿಯುತ್ತದೆ. ಸಂಬಳ ಕೊಡುತ್ತಿದ್ದ ಯಜಮಾನರು ‘ನಮ್ಮ ಯಜಮಾನರು’ ಆಗುತ್ತಾರೆ.

ಈ ಹಂದರದ ಯುರೋಪಿನ ಮೂಲವೆಂದು ಷಾರ್ಲಟ್ ಬ್ರಾಂಟಿಯ ‘ಜೇನ್ ಏರ್’ (1847) ಅನ್ನು ಹೆಸರಿಸುವುದು ವಾಡಿಕೆ. ಅಲ್ಲಿ ವರ್ಷಕ್ಕೆ ಮೂವತ್ತು ಪೌಂಡ್ ಸಂಬಳದ ಪಾಠ ಹೇಳುವ ಹೆಣ್ಣು, ಒಡೆಯ ರಾಚೆಸ್ಟರ್ ತನಗೆ ಹೆಂಡತಿಯಿರುವುದನ್ನು ಮರೆಮಾಚಿದ್ದನೆಂದು ತಿಳಿದು ಮನೆ ಬಿಡುತ್ತಾಳೆ. ಚಿಕ್ಕಪ್ಪನ ಆಸ್ತಿಯಲ್ಲಿ ತನ್ನ ಪಾಲಿನ ಐದು ಸಾವಿರ ಪೌಂಡ್ ಕೈಸೇರಿದ ಮೇಲೆಯೇ ಅವಳು ಅವನ ಬಳಿಗೆ ಹಿಂದಿರುಗುವುದು. ಪ್ರೇಮ ಸಮಾನರ ನಡುವೆ ಆಗಬೇಕಾದರೆ ಹೆಣ್ಣಿನ ಕೈಯಲ್ಲಿ ಹಣವಿರಬೇಕೆಂಬುದು ಬ್ರಾಂಟಿಗೆ ಸ್ಪಷ್ಟವಿತ್ತು.

ಮೈಸೂರಿನ ತ್ರಿವೇಣಿ (1928–1963) ಇದೇ ಸಂಗತಿಯನ್ನು ತಲೆಕೆಳಗು ಮಾಡಿ ನೋಡಿದವರು. 1953ರಲ್ಲಿ ‘ಅಪಸ್ವರ’ದೊಂದಿಗೆ ಕಾದಂಬರಿ ಕ್ಷೇತ್ರಕ್ಕೆ ಬಂದ ಅವರು ಮನಶ್ಶಾಸ್ತ್ರವನ್ನು ಓದಿಕೊಂಡಿದ್ದರು. 1967ರಲ್ಲಿ ಚಲನಚಿತ್ರವಾದ ‘ಬೆಳ್ಳಿಮೋಡ’ದಲ್ಲಿ ನಾಯಕಿ ಇಂದಿರಾ ತೋಟದ ಒಡೆಯನ ಏಕಮಾತ್ರ ಪುತ್ರಿ, ಆಕೆಯ ತಂದೆಯ ಹಣದಿಂದ ವಿದೇಶದಲ್ಲಿ ಓದಿದ ಮೋಹನ್, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಮದುವೆಯಿಂದ ಹಿಂದೆ ಸರಿಯುತ್ತಾನೆ. ಗಾಯಗೊಂಡ ಅವನನ್ನು ಇಂದಿರಾ ಶುಶ್ರೂಷೆ ಮಾಡುತ್ತಾಳೆ. ಮನಸ್ಸು ಬದಲಾಯಿಸಿ ಬಂದವನನ್ನು ನಿರಾಕರಿಸುತ್ತಾಳೆ. ಜೇನ್ ಆಸ್ತಿ ಪಡೆದು ಒಪ್ಪಿದಳು, ಇಂದಿರಾ ಆಸ್ತಿ ಕಳೆದುಕೊಂಡು ಒಲ್ಲೆನೆಂದಳು. ಕನ್ನಡ ಪ್ರಣಯ ಕಾದಂಬರಿಯಲ್ಲಿ ಬಲಿಷ್ಠ ಹೆಣ್ಣೆಂದು ಯಾರನ್ನಾದರೂ ಕರೆಯಬೇಕಾದರೆ ಮೊದಲು ಇವಳನ್ನೇ ಕರೆಯಬೇಕು.

ತ್ರಿವೇಣಿಯವರ ‘ಶರಪಂಜರ’ದಲ್ಲಿ (ಚಿತ್ರ 1971) ಕಚೇರಿಯ ಪ್ರಣಯ ಹೊರಗಿನ ಮತ್ತೊಂದು ತುದಿಯಿಂದ ಕಾಣುತ್ತದೆ. ಮಾನಸಿಕ ಅಸ್ವಾಸ್ಥ್ಯದಿಂದ ಚೇತರಿಸಿಕೊಂಡು ಮನೆಗೆ ಬಂದ ಕಾವೇರಿಗೆ, ಗಂಡನಿಗೆ ಕಚೇರಿಯ ಸಹೋದ್ಯೋಗಿಯೊಡನೆ ಸಂಬಂಧವಿರುವುದು ತಿಳಿಯುತ್ತದೆ. ಜನಪ್ರಿಯ ಪ್ರಣಯಕಥೆ ಮರೆಮಾಚಿದ ಹೆಂಡತಿ ಇಲ್ಲಿ ಕಥೆಯ ಕೇಂದ್ರದಲ್ಲಿದ್ದಾಳೆ. ಕೆ. ಬಾಲಚಂದರ್ ನಿರ್ದೇಶನದ ‘ಬೆಂಕಿಯಲ್ಲಿ ಅರಳಿದ ಹೂವು’ (1983) ತಮಿಳಿನಿಂದ ಬಂದದ್ದಾದರೂ ಕನ್ನಡದ ಉದ್ಯೋಗಸ್ಥೆಯರು ಅದನ್ನು ತಮ್ಮದೆಂದು ಭಾವಿಸಿದರು. ಮೇಲಧಿಕಾರಿಯೊಡನೆ ನಿಶ್ಚಯವಾದ ಮದುವೆಯನ್ನು ನಾಯಕಿ ಕೊನೆಯ ಗಳಿಗೆಯಲ್ಲಿ ಬೇರೊಬ್ಬಳಿಗೆ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಹೊರಡುತ್ತಾಳೆ. ಮನೆಮಂದಿಯ ಹೊಟ್ಟೆ ತುಂಬಬೇಕಾದದ್ದು ಅವಳ ಸಂಬಳದಿಂದ.

ಅಧಿಕಾರ ಮತ್ತು ಪ್ರಣಯದ ಈ ಬೆಸುಗೆಯನ್ನು ಕಾದಂಬರಿಗಿಂತ ಕಠಿಣವಾಗಿ ಪರಿಶೀಲಿಸಿದ್ದು ಕಾನೂನು. 1997ರ ವಿಶಾಖಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ತಡೆಗೆ ಮಾರ್ಗಸೂಚಿಗಳನ್ನು ವಿಧಿಸಿತು. 2013ರ ಕಾಯಿದೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿತು. ಧಾರಾವಾಹಿಯ ಸಿಡುಕಿನ ಮಾಲೀಕ ಕೋಣೆಯ ಬಾಗಿಲು ಮುಚ್ಚಿ ನಾಯಕಿಯ ಕೈ ಹಿಡಿಯುವ ಪುಟ ಈ ಕಾಯಿದೆಯ ಬೆಳಕಿನಲ್ಲಿ ಬೇರೆಯೇ ಆಗಿ ಕಾಣುತ್ತದೆ. ಅವಳ ಸಮ್ಮತಿಯನ್ನು ಲೇಖಕಿ ಮನದ ಮಾತಾಗಿ ಓದುಗರಿಗೆ ತಿಳಿಸುತ್ತಾಳೆ. ಮಾಲೀಕನಿಗೆ ಮಾತ್ರ ಅದನ್ನು ಯಾರೂ ತಿಳಿಸಿರುವುದಿಲ್ಲ.

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸೀಮೆ ಇಂದು ದೇವಾಲಯ ಮತ್ತು ಅಗ್ರಹಾರಗಳದ್ದಷ್ಟೇ ಅಲ್ಲ. ತಾಂಡ್ಯದ ಕೈಗಾರಿಕಾ ಪ್ರದೇಶದಂಥ ಕಡೆ ಗದ್ದೆಗಳ ಪಕ್ಕದಲ್ಲಿಯೇ ಕಾರ್ಖಾನೆಗಳಿವೆ. ಕಾರ್ಖಾನೆಗಳ ರಾತ್ರಿ ಪಾಳಿಯಲ್ಲಿ ಮಹಿಳೆಯರು ದುಡಿಯಲು 2019ರಲ್ಲಿ ರಾಜ್ಯ ಸರ್ಕಾರ ಷರತ್ತುಗಳೊಡನೆ ಅವಕಾಶ ನೀಡಿತು. ಮೇಲ್ವಿಚಾರಕ, ಗುತ್ತಿಗೆದಾರ, ಕಂಪನಿ ಎಂದು ಯಜಮಾನಿಕೆ ಹಂಚಿಹೋಗಿರುವ ಇಲ್ಲಿ ಯಾರನ್ನು ಯಜಮಾನರೆನ್ನಬೇಕೆಂಬುದೇ ತೊಡಕಿನ ಪ್ರಶ್ನೆ. ಗುಮಾಸ್ತೆಗೂ ವೈದ್ಯೆಗೂ ದೊರೆತಂಥ ಕಾದಂಬರಿಕಾರ್ತಿ ಪಾಳಿಯ ಕೆಲಸದ ಹೆಣ್ಣಿಗೆ ದೊರೆತಿಲ್ಲ.

‘ರಾಧಿಕಾ ಸಾಂತ್ವನಮು’ ಮೇಲಿನ ನಿಷೇಧವನ್ನು 1947ರಲ್ಲಿ ಟಂಗುಟೂರಿ ಪ್ರಕಾಶಂ ಅವರ ಸರ್ಕಾರ ತೆರವು ಮಾಡಿತು. 1952ರಲ್ಲಿ ಪುಸ್ತಕ ಮರುಮುದ್ರಣಗೊಂಡಿತು. ಅದೇ ವರ್ಷ ನಾಗರತ್ನಮ್ಮನವರು ತೀರಿಕೊಂಡರು. ತಿರುಮಲಾಂಬ ಅವರು ಕೊನೆಯ ವರ್ಷಗಳನ್ನು ಮದರಾಸಿನಲ್ಲಿ ಕಳೆದು 1982ರಲ್ಲಿ ನಿಧನರಾದರು.