ಕ್ರೈಸ್ತ ಯುವಜನರ ಸೃಷ್ಟಿಪಾಲನೆ

ಭೂಮಿ, ಜಲ, ವೃಕ್ಷ, ಪ್ರಾಣಿಗಳು ದೇವರ ಸೃಷ್ಟಿಯೆಂಬ ವಿಶ್ವಾಸದಿಂದ ಚರ್ಚುಗಳ ತರುಣ ತರುಣಿಯರು ಪ್ರಾರ್ಥನೆಯನ್ನೂ ಸಾಮೂಹಿಕ ಶ್ರಮವನ್ನೂ ಒಂದುಗೂಡಿಸಿ ನಡೆಸುವ ಪರಿಸರಸೇವೆ. ಇದರ ಮೂಲವು, ಏದೆನ್ ತೋಟವನ್ನು ಕೃಷಿಮಾಡಿ ಕಾಯುವುದಕ್ಕೆ ಮನುಷ್ಯನು ನಿಯುಕ್ತನಾದನೆನ್ನುವ ಬೈಬಲ್ಲಿನ ಆದಿಕಾಂಡದ 2ನೆಯ ಅಧ್ಯಾಯದಲ್ಲಿದೆ. 1979ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಪರಿಸರದ ಪಾಲಕಸಂತರೆಂದು ಘೋಷಿತರಾದುದೂ, 2015ರಲ್ಲಿ ಪೋಪ್ ಫ್ರಾನ್ಸಿಸರ ‘ಲೌದಾತೊ ಸಿ’ ವಿಶ್ವಪತ್ರವು ಪ್ರಕಟವಾದುದೂ ಇದಕ್ಕೆ ನೂತನ ಚಾಲನೆಯನ್ನಿತ್ತವು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಅವಧಿಯನ್ನು ಸೃಷ್ಟಿಯ ಋತುವೆಂದು ಅನೇಕ ಸಭೆಗಳು ಆಚರಿಸುತ್ತವೆ.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿವೆ. ಇಲ್ಲಿ ತಾಲ್ಲೂಕಿನಿಂದ ತಾಲ್ಲೂಕಿಗೆ ನೆಲದ ಸ್ವಭಾವವು ಭಿನ್ನವಾದುದರಿಂದ ಈ ಸೇವೆಯ ಕ್ರಮವೂ ಭಿನ್ನವಾಗಬೇಕಾಗುತ್ತದೆ: ಮಳೆನೆರಳಿನ ಕಡೂರು ಬಯಲಿನಲ್ಲಿ ಕೆರೆಯ ಹೂಳೆತ್ತುವುದೂ, ಮುಂಗಾರಿನಲ್ಲಿ ನೆಟ್ಟ ಹೊಂಗೆ, ಬೇವು, ಹುಣಿಸೆಯ ಸಸಿಗಳಿಗೆ ಮುಳ್ಳುಬೇಲಿ ಕಟ್ಟಿ ಬೇಸಗೆಯುದ್ದಕ್ಕೂ ನೀರೆರೆಯುವುದೂ ಪ್ರಧಾನ, ಭದ್ರಾ ಜಲಾಶಯವನ್ನೂ ಅರಣ್ಯವನ್ನೂ ಪಡೆದ ತರೀಕೆರೆಯ ಕಡೆಗೆ ಕಾಡ್ಗಿಚ್ಚಿನ ತಡೆ ಹಾಗೂ ಪ್ಲಾಸ್ಟಿಕ್ಕಿನ ನಿವಾರಣೆ ಮುಖ್ಯ, ಅಮೃತಮಹಲ್ ಗೋತಳಿಗೆ ಪ್ರಸಿದ್ಧವಾದ ಅಜ್ಜಂಪುರದ ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಮರ ನೆಡುವುದಕ್ಕಿಂತಲೂ ಹುಲ್ಲನ್ನು ಉಳಿಸುವುದೇ ಉಚಿತ.

ಕೆರೆ, ಕಾಡು, ಕಾವಲುಗಳು ಸರ್ವಮತದವರಿಗೂ ಸಮಾನವಾದ ಆಸ್ತಿಯಾಗಿರುವುದರಿಂದ, ಭಕ್ತಿಯನ್ನು ಲೋಕಹಿತದೊಡನೆ ಬೆಸೆದು ನೆರೆಹೊರೆಯವರನ್ನು ಒಂದೇ ಕಾರ್ಯದಲ್ಲಿ ಕೂಡಿಸುವುದೇ ಈ ಸೇವೆಯ ಮಹತ್ತ್ವ.