ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಬಲ್ ಫೌಲ್

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಎದುರಾಳಿ ತಂಡಗಳ ಇಬ್ಬರು ಆಟಗಾರರು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಪರಸ್ಪರರ ಮೇಲೆ ಎಸಗುವ ಫೌಲ್‌ಗಳನ್ನು ಡಬಲ್ ಫೌಲ್ ಎನ್ನುತ್ತಾರೆ. ತಪ್ಪು ಎರಡೂ ಕಡೆ ಇರುವುದರಿಂದ ಯಾವ ತಂಡಕ್ಕೂ ಫ್ರೀ ಥ್ರೋ ದೊರೆಯುವುದಿಲ್ಲ. ಫೌಲ್ ನಡೆದಾಗ ಚೆಂಡು ಯಾರ ಹಿಡಿತದಲ್ಲಿತ್ತು ಎಂಬುದನ್ನು ನೋಡಿ ರೆಫರಿ ಆಟವನ್ನು ಪುನರಾರಂಭಿಸುತ್ತಾರೆ.

== ಲಕ್ಷಣಗಳು ==
ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ (ಫಿಬಾ) ನಿಯಮದಂತೆ ಎರಡೂ ಫೌಲ್‌ಗಳು ಅದೇ ಇಬ್ಬರು ಆಟಗಾರರ ನಡುವೆ, ದೈಹಿಕ ಸಂಪರ್ಕದಿಂದ ಆಗಿರಬೇಕು. ರೆಫರಿ ಎರಡೂ ಮುಷ್ಟಿಗಳನ್ನು ಬೀಸಿ ಇದನ್ನು ಸೂಚಿಸುತ್ತಾರೆ. ಇಬ್ಬರ ಲೆಕ್ಕಕ್ಕೂ ಒಂದೊಂದು ಫೌಲ್ ಸೇರುತ್ತದೆ. ಐದನೆಯ ಫೌಲ್ ಆದ ಆಟಗಾರನು ಅಂಕಣದಿಂದ ಹೊರಹೋಗಬೇಕು.

== ಆಟದ ಪುನರಾರಂಭ ==
* ಅದೇ ವೇಳೆಗೆ ಗೋಲ್ ಅಥವಾ ಕೊನೆಯ ಫ್ರೀ ಥ್ರೋ ಯಶಸ್ವಿಯಾದರೆ ಅಂಕ ಮಾನ್ಯವಾಗುತ್ತದೆ. ಅಂಕ ಗಳಿಸದ ತಂಡವು ತನ್ನ ಎಂಡ್ ಲೈನ್‌ನ ಹಿಂದಿನಿಂದ ಚೆಂಡನ್ನು ಒಳಗೆಸೆಯುತ್ತದೆ.
* ಚೆಂಡು ಒಂದು ತಂಡದ ಹಿಡಿತದಲ್ಲಿದ್ದರೆ, ಅಥವಾ ಅದಕ್ಕೆ ಸಲ್ಲಬೇಕಾಗಿದ್ದರೆ, ಫೌಲ್ ನಡೆದ ಸ್ಥಳದ ಸಮೀಪದಿಂದ ಆ ತಂಡವೇ ಥ್ರೋ-ಇನ್ ಮಾಡುತ್ತದೆ. ಹಿಡಿತದಲ್ಲಿಟ್ಟುಕೊಂಡಿದ್ದ ತಂಡಕ್ಕೇ ಚೆಂಡು ಮರಳಿದರೆ 24 ಸೆಕೆಂಡುಗಳ ಗಡಿಯಾರ ನಿಂತಲ್ಲಿಂದ ಮುಂದುವರಿಯುತ್ತದೆ. 9 ಸೆಕೆಂಡು ಉಳಿದಿದ್ದರೆ 9 ಸೆಕೆಂಡು ಮಾತ್ರ ಸಿಗುತ್ತದೆ.
* ಯಾರ ಹಿಡಿತವೂ ಇರದಿದ್ದರೆ ಅದು ಜಂಪ್ ಬಾಲ್ ಸಂದರ್ಭ. 2003ರಿಂದ ಫಿಬಾ ಪಂದ್ಯಗಳಲ್ಲಿ ಇಂತಹ ಸಂದರ್ಭದಲ್ಲಿ ಚೆಂಡನ್ನು ಮೇಲಕ್ಕೆಸೆಯುವುದಿಲ್ಲ. ಅಧಿಕಾರಿಗಳ ಮೇಜಿನ ಮೇಲಿನ ಬಾಣ ತೋರಿಸುವ ತಂಡಕ್ಕೆ ಚೆಂಡು ಸಲ್ಲುತ್ತದೆ. ಆ ಥ್ರೋ-ಇನ್ ಮುಗಿದೊಡನೆ ಬಾಣ ಇನ್ನೊಂದು ತಂಡದತ್ತ ತಿರುಗುತ್ತದೆ.

ಬುಟ್ಟಿಯತ್ತ ಎಸೆದ ಚೆಂಡು ಗಾಳಿಯಲ್ಲಿರುವಾಗ ಗೊಂದಲ ಹೆಚ್ಚು. ಚೆಂಡು ಕೈಬಿಟ್ಟ ಕ್ಷಣವೇ ತಂಡದ ಹಿಡಿತ ಕೊನೆಗೊಳ್ಳುತ್ತದೆ. ಆಗ ಬುಟ್ಟಿಯ ಕೆಳಗೆ ಇಬ್ಬರು ಪರಸ್ಪರ ತಳ್ಳಾಡಿದರೆ, ಚೆಂಡು ಬುಟ್ಟಿಗೆ ಬಿದ್ದಾಗ ಮೊದಲ ನಿಯಮವೂ ಬೀಳದಿದ್ದಾಗ ಬಾಣದ ನಿಯಮವೂ ಅನ್ವಯಿಸುತ್ತದೆ.

== ಕರ್ನಾಟಕದಲ್ಲಿ ==
2017 ಮತ್ತು 2019ರಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ಪಂದ್ಯಾವಳಿಗಳು ಬೆಂಗಳೂರಿನಲ್ಲಿ ಈ ಒಕ್ಕೂಟದ ನಿಯಮಗಳಡಿಯಲ್ಲೇ ನಡೆದವು. 2017ರ ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಝಾಕಿಸ್ತಾನವನ್ನು 75–73ರಿಂದ ಸೋಲಿಸಿತು. ಇಷ್ಟು ಅಲ್ಪ ಅಂತರದ ಪಂದ್ಯಗಳಲ್ಲಿ ಒಂದೇ ಥ್ರೋ-ಇನ್ ಕೂಡ ಫಲಿತಾಂಶವನ್ನು ಬದಲಿಸಬಲ್ಲದು. ಆದುದರಿಂದ ಸೀಟಿ ಊದುವ ಮುನ್ನ ಚೆಂಡು ಯಾರ ಹಿಡಿತದಲ್ಲಿತ್ತು ಎಂಬುದನ್ನು ರೆಫರಿಗಳು ಖಚಿತವಾಗಿ ಗಮನಿಸಿರಬೇಕಾಗುತ್ತದೆ.