ನ್ಯಾಕ್

ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು. ಭಾರತದ ವಿಶ್ವವಿದ್ಯಾಲಯ, ಕಾಲೇಜುಗಳ ಗುಣಮಟ್ಟವನ್ನು ಅಳೆದು ಮಾನ್ಯತೆ ನೀಡುವ ಸ್ವಾಯತ್ತ ಸಂಸ್ಥೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 1994ರಲ್ಲಿ ಇದನ್ನು ಸ್ಥಾಪಿಸಿತು. ಪ್ರಧಾನ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲಿದೆ.

ಹಿನ್ನೆಲೆ: ಗುಣಮಟ್ಟ ಪರಿಶೀಲನೆಗೆ ಸ್ವತಂತ್ರ ವ್ಯವಸ್ಥೆಯೊಂದು ಬೇಕೆಂಬ ವಿಚಾರ 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 1992ರ ಕಾರ್ಯಯೋಜನೆಗಳಿಂದ ಬಲಪಡೆಯಿತು. ಮೊದಲು ಸಂಸ್ಥೆಗಳು ಸ್ವಇಚ್ಛೆಯಿಂದ ನ್ಯಾಕ್ ಮೌಲ್ಯಮಾಪನಕ್ಕೆ ಒಳಪಡುತ್ತಿದ್ದವು. ಯುಜಿಸಿಯ 2012ರ ನಿಯಮಾವಳಿ ಅದನ್ನು ಕಡ್ಡಾಯಗೊಳಿಸಿತು.

ಮೌಲ್ಯಮಾಪನ ಕ್ರಮ: ಪಠ್ಯಕ್ರಮ, ಬೋಧನೆ ಮತ್ತು ಪರೀಕ್ಷೆ, ಸಂಶೋಧನೆ ಮತ್ತು ವಿಸ್ತರಣೆ, ಮೂಲಸೌಕರ್ಯ, ವಿದ್ಯಾರ್ಥಿ ಬೆಂಬಲ, ಆಡಳಿತ, ಸಾಂಸ್ಥಿಕ ಮೌಲ್ಯಗಳು ಎಂಬ ಏಳು ಮಾನದಂಡಗಳಿವೆ. 2017ರ ಪರಿಷ್ಕೃತ ಕ್ರಮದಂತೆ ಸಂಸ್ಥೆ ಮೊದಲು ಸ್ವಅಧ್ಯಯನ ವರದಿ ಸಲ್ಲಿಸಬೇಕಿತ್ತು. ಅದರ ಅಂಕಿಅಂಶಗಳನ್ನು ದಾಖಲೆಗಳೊಂದಿಗೆ ತಾಳೆ ನೋಡಿದ ಬಳಿಕ ತಜ್ಞರ ತಂಡ ಕಾಲೇಜಿಗೆ ಭೇಟಿ ನೀಡುತ್ತಿತ್ತು. ನಾಲ್ಕು ಅಂಕಗಳ ಅಳತೆಯಲ್ಲಿ 3.51 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಎ++’, 1.50 ಅಥವಾ ಅದಕ್ಕಿಂತ ಕಡಿಮೆಯಾದರೆ ‘ಡಿ’, ಅಂದರೆ ಮಾನ್ಯತೆ ಇಲ್ಲ. ಮಾನ್ಯತೆಯ ಅವಧಿ ಸಾಮಾನ್ಯವಾಗಿ ಐದು ವರ್ಷ.

ವಿದ್ಯಾರ್ಥಿ ತೃಪ್ತಿ ಸಮೀಕ್ಷೆ: ಕಲಿಯುವವರ ಮಾತಿಗೂ ಅಂಕ ದೊರೆತದ್ದು 2017ರ ಕ್ರಮದ ವಿಶೇಷ. ಸಂಸ್ಥೆ ನೀಡಿದ ಪಟ್ಟಿಯಲ್ಲಿರುವ ವಿದ್ಯಾರ್ಥಿಗಳಿಗೆ ನ್ಯಾಕ್ ಇಮೇಲ್ ಮೂಲಕ ನೇರವಾಗಿ 21 ಪ್ರಶ್ನೆಗಳನ್ನು ಕಳುಹಿಸುತ್ತದೆ. ತರಗತಿಯಲ್ಲಿ ಪಠ್ಯ ಎಷ್ಟು ಮುಗಿಯಿತು, ಅಧ್ಯಾಪಕರು ತಯಾರಿ ಮಾಡಿಕೊಂಡು ಬರುತ್ತಾರೆಯೇ, ಆಂತರಿಕ ಅಂಕ ನೀಡುವುದರಲ್ಲಿ ನ್ಯಾಯವಿದೆಯೇ ಎಂಬಂಥ 20 ಪ್ರಶ್ನೆಗಳಿಗೆ ಕೊಟ್ಟ ಆಯ್ಕೆಗಳಲ್ಲಿ ಒಂದನ್ನು ಆರಿಸಬೇಕು. ಕೊನೆಯದರಲ್ಲಿ ಸುಧಾರಣೆಗೆ ಮೂರು ಸಲಹೆ ಬರೆಯಬೇಕು. ಕಾಲೇಜಾದರೆ ಕನಿಷ್ಠ ಶೇ. 10ರಷ್ಟು ಅಥವಾ 100 ವಿದ್ಯಾರ್ಥಿಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಉತ್ತರಿಸದಿದ್ದರೆ ಸಮೀಕ್ಷೆ ಲೆಕ್ಕಕ್ಕೆ ಬರುವುದಿಲ್ಲ.

ಆಂತರಿಕ ಕೋಶ: ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆಂತರಿಕ ಗುಣಮಟ್ಟ ಭರವಸೆ ಕೋಶ (ಐಕ್ಯೂಎಸಿ) ಇರಬೇಕು. ಅಧ್ಯಾಪಕರು, ಆಡಳಿತ ಮಂಡಳಿಯವರ ಜೊತೆಗೆ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಉದ್ಯೋಗದಾತರು, ಸ್ಥಳೀಯರೂ ಇದರ ಸದಸ್ಯರು. ಕೋಶ ಪ್ರತಿವರ್ಷ ಗುಣಮಟ್ಟ ವರದಿ ಸಲ್ಲಿಸುತ್ತದೆ. ಪಠ್ಯಕ್ರಮದ ಬಗ್ಗೆ ಅಭಿಪ್ರಾಯ ಸಂಗ್ರಹಿಸಿದರೆ ಸಾಲದು, ಅದರ ಮೇಲೆ ಏನು ಕ್ರಮ ಕೈಗೊಂಡಿತೆಂದೂ ಸಂಸ್ಥೆ ತೋರಿಸಬೇಕು.

ಟೀಕೆ ಮತ್ತು ಸುಧಾರಣೆ: ತಂಡ ಬರುವ ಹೊತ್ತಿಗೆ ಕಡತ ಜೋಡಿಸಿ ಗೋಡೆಗೆ ಬಣ್ಣ ಬಳಿಯುವುದೇ ಸಿದ್ಧತೆಯಾಗುತ್ತದೆ ಎಂಬುದು ಹಳೆಯ ಟೀಕೆ. 2025ರ ಫೆಬ್ರವರಿಯಲ್ಲಿ ಲಂಚದ ಆರೋಪದ ಮೇಲೆ ಪರಿಶೀಲನಾ ತಂಡವೊಂದರ ಸದಸ್ಯರನ್ನು ಸಿಬಿಐ ಬಂಧಿಸಿತು. ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿ ಅದಕ್ಕೂ ಮೊದಲೇ ಬದಲಾವಣೆ ಸೂಚಿಸಿತ್ತು. ಶ್ರೇಣಿಗಳ ಬದಲು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂಬ ತೀರ್ಪು, ಮಾನ್ಯತೆ ಪಡೆದವರಿಗೆ ಒಂದರಿಂದ ಐದರವರೆಗಿನ ಹಂತಗಳು, ಸಂಸ್ಥೆ ನೀಡಿದ ಮಾಹಿತಿ ನಿಜವೇ ಎಂದು ವಿದ್ಯಾರ್ಥಿಗಳೇ ಮೊದಲಾದ ಭಾಗೀದಾರರಿಂದ ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಅದರ ಮುಖ್ಯ ಶಿಫಾರಸುಗಳು.